ಎದೆಗೆ ಕೊಟ್ಟ ಮಾತ್ರೆ, ಕೆಟ್ಟ ಕನಸು

ಅಸ್ತಮಾ ಇರುವ ಮಗು. ಹೊಸ ಮಾತ್ರೆ ಶುರುವಾದ ಮೇಲೆ ಕೆಮ್ಮು ತಗ್ಗಿದೆ, ಮನೆಯವರಿಗೆ ನಿರಾಳ. ಆದರೆ ಕೆಲವು ದಿನಗಳಲ್ಲಿ ಮಗು ನಡುರಾತ್ರಿ ಚೀರಿಕೊಂಡು ಏಳುತ್ತದೆ. ಹಗಲಲ್ಲಿ ಸಣ್ಣದಕ್ಕೂ ಸಿಡುಕು, ಸುಮ್ಸುಮ್ನೆ ಅಳು. ಹಟ ಜಾಸ್ತಿಯಾಗಿದೆ ಅಂದುಕೊಳ್ಳುತ್ತಾರೆ. ಎದೆಗೆ ಕೊಟ್ಟ ಮಾತ್ರೆಯ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು?

ಆ ಮಾತ್ರೆ ಮಾಂಟೆಲುಕಾಸ್ಟ್. ಅಸ್ತಮಾದಲ್ಲಿ ಉಸಿರಿನ ಕೊಳವೆ ಊದಿಕೊಂಡು ಬಿಗಿಯಾಗಲು ಲ್ಯೂಕೋಟ್ರಿಯೀನ್ ಎಂಬ ರಾಸಾಯನಿಕಗಳೂ ಕಾರಣ. ಈ ಔಷಧಿ ಅವುಗಳ ಕೆಲಸವನ್ನು ತಡೆಯುತ್ತದೆ. 1998ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮರ್ಕ್ ಕಂಪನಿ ಸಿಂಗುಲೇರ್ ಹೆಸರಿನಲ್ಲಿ ಮಾರಿತು. ಪುಟ್ಟ ಮಕ್ಕಳಿಗೆ ಇನ್ಹೇಲರ್ ಎಳೆಯಲು ಕಲಿಸುವುದು ಎಷ್ಟು ಕಷ್ಟ ಅಂತ ಹೆತ್ತವರಿಗೆ ಗೊತ್ತು. ಇದೋ, ದಿನಕ್ಕೊಂದು ಅಗಿಯುವ ಮಾತ್ರೆ, ಸ್ಟೀರಾಯ್ಡ್ ಕೂಡ ಅಲ್ಲ. ಜನ ನೆಚ್ಚಿಕೊಂಡದ್ದು ಸಹಜ. ಮಿದುಳಿಗೆ ಇದು ತಲುಪುವುದು ತೀರಾ ಕಡಿಮೆ ಎಂದು ಇಲಿಗಳ ಮೇಲಿನ ಪರೀಕ್ಷೆ ಆಧರಿಸಿ ಆಗ ಹೇಳಲಾಗಿತ್ತು.

ಆಮೇಲೆ ದೂರುಗಳು ಬರತೊಡಗಿದವು. ಕೆಟ್ಟ ಕನಸು, ನಿದ್ದೆಯಲ್ಲಿ ನಡೆಯುವುದು, ಕೋಪ, ಖಿನ್ನತೆ, ಸಾಯುವ ಯೋಚನೆ. 2008ರಲ್ಲಿ ಎಫ್‌ಡಿಎ ಪರಿಶೀಲನೆ ಆರಂಭಿಸಿತು. 2009ರಲ್ಲಿ ಔಷಧಿಯ ಮಾಹಿತಿ ಪತ್ರದಲ್ಲಿ ಎಚ್ಚರಿಕೆ ಸೇರಿಸಲು ಹೇಳಿತು. ಆದರೆ ಆ ಸಣ್ಣ ಅಕ್ಷರಗಳನ್ನು ಓದುವವರು ಎಷ್ಟು ಜನ?

ಎಫ್‌ಡಿಎ ತಾನೇ ನಡೆಸಿದ ದೊಡ್ಡ ಅಧ್ಯಯನವೊಂದರಲ್ಲಿ, ಇನ್ಹೇಲರ್ ಸ್ಟೀರಾಯ್ಡ್‌ಗೆ ಹೋಲಿಸಿದರೆ ಅಪಾಯ ಹೆಚ್ಚಾಗಿ ಕಾಣಲಿಲ್ಲ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಇಂಥ ಅಧ್ಯಯನಗಳು ನೋಡುವುದು ಚಿಕಿತ್ಸೆಯ ದಾಖಲೆಗಳನ್ನು. ಕತ್ತಲಲ್ಲಿ ಅಮ್ಮನನ್ನು ತಬ್ಬಿಕೊಂಡು ನಡುಗಿದ ಮಗು ಯಾವ ದಾಖಲೆಯಲ್ಲಿ ಸಿಗುತ್ತದೆ? ನನ್ನ ಮಟ್ಟಿಗೆ, ಅದನ್ನು ಕಣ್ಣಾರೆ ಕಂಡ ಹೆತ್ತವರ ಮಾತಿಗೂ ತೂಕವಿದೆ.

ಕೊನೆಗೆ 2020ರ ಮಾರ್ಚ್‌ನಲ್ಲಿ, ಮಾರುಕಟ್ಟೆಗೆ ಬಂದ 22 ವರ್ಷಗಳ ಮೇಲೆ, ಎಫ್‌ಡಿಎ ತನ್ನ ಅತ್ಯಂತ ಕಠಿಣವಾದ ಎಚ್ಚರಿಕೆಯನ್ನು, ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗೆ ಎದ್ದುಕಾಣುವಂತೆ ಹಾಕಿಸಿತು. ಅಲರ್ಜಿಯ ಶೀತಕ್ಕೆ ಬೇರೆ ಔಷಧಿ ನಾಟದಿದ್ದರೆ ಮಾತ್ರ ಇದನ್ನು ಕೊಡಿ ಎಂದೂ ಹೇಳಿತು. 2024ರಲ್ಲಿ ಅದೇ ಸಂಸ್ಥೆಯ ಸಂಶೋಧಕರು ಪ್ರಯೋಗಾಲಯದಲ್ಲಿ ಕಂಡದ್ದನ್ನು ಮುಂದಿಟ್ಟರು: ಮಾಂಟೆಲುಕಾಸ್ಟ್ ಮಿದುಳಿನ ಹಲವು ಗ್ರಾಹಕಗಳಿಗೆ, ಅಂದರೆ ರಾಸಾಯನಿಕ ಸಂದೇಶಗಳನ್ನು ಹಿಡಿದುಕೊಳ್ಳುವ ಜೀವಕೋಶದ ಭಾಗಗಳಿಗೆ, ಅಂಟಿಕೊಳ್ಳುತ್ತದೆ. ತೊಂದರೆಗೆ ಇದೇ ಕಾರಣ ಎಂದು ಸಾಬೀತಾಗಿಲ್ಲ. ಆದರೂ 'ಮಿದುಳಿಗೆ ಸಂಬಂಧವೇ ಇಲ್ಲ' ಎನ್ನುವಂತಿಲ್ಲ, ಅಲ್ವಾ?

ಬಹಳಷ್ಟು ಮಕ್ಕಳಿಗೆ ಈ ಮಾತ್ರೆಯಿಂದ ಏನೂ ಆಗುವುದಿಲ್ಲ. ಗಾಬರಿಯಾಗಿ ಅಸ್ತಮಾ ಚಿಕಿತ್ಸೆಯನ್ನೇ ಕೈಬಿಟ್ಟರೆ ಅದು ಇನ್ನೂ ದೊಡ್ಡ ಅಪಾಯ. ಮಗುವಿನ ನಡವಳಿಕೆ ಬದಲಾದರೆ ತಡಮಾಡದೆ ಡಾಕ್ಟರನ್ನು ಕೇಳಿ, ಬದಲಿಗೆ ಬೇರೆ ಔಷಧಿಗಳಿವೆ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಮಾತ್ರೆ ಬಿಟ್ಟ ಮೇಲೆ ಹೆಚ್ಚಿನವರಲ್ಲಿ ತೊಂದರೆ ಹೋಗುತ್ತದೆ, ಕೆಲವರಲ್ಲಿ ಉಳಿದದ್ದೂ ಇದೆ. ಹಾಗಾಗಿ ಆಮೇಲೂ ಕಣ್ಣಿಟ್ಟಿರಿ. ಮಾತ್ರೆ ಶುರುವಾದ ದಿನ ಯಾವುದು, ಮಗು ಮೊದಲ ಸಲ ಚೀರಿ ಎದ್ದ ರಾತ್ರಿ ಯಾವುದು, ಈ ಎರಡು ತಾರೀಖು ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.