ಗಟ್ಟಿಮೇಳ ಯಾಕೆ ತಡವಾಯಿತು?

ಅಕ್ಕನ ಮದುವೆ ಆದದ್ದು 1998ರಲ್ಲಿ. ಅದರ ವಿಡಿಯೋ ಕ್ಯಾಸೆಟ್ ಹನ್ನೆರಡು ವರ್ಷ ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆಯ ವಾಸನೆ ಹೀರಿಕೊಂಡು ಮಲಗಿತ್ತು. 2010ರ ಬೇಸಿಗೆಯಲ್ಲಿ ಅದನ್ನು ಡಿವಿಡಿ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಐದು ವಾರ ಹಿಡಿಯಿತು.

ಮೊದಲ ಡಿಸ್ಕ್ ಹಾಕಿದ ದಿನ ಮನೆಯವರೆಲ್ಲ ಟಿವಿ ಮುಂದೆ ಕೂತಿದ್ದರು. ಹಿಂದಿನ ದಿನದ ವರಪೂಜೆ ಚೆನ್ನಾಗಿಯೇ ಬಂತು. ವಿಡಿಯೋ ಎರಡು ಗಂಟೆ ಓಡಿದ ಹೊತ್ತಿಗೆ ಮುಹೂರ್ತ. ಪುರೋಹಿತರು ಕೈ ಎತ್ತಿ ಬಾಯಿ ಆಡಿಸಿದರು, ದನಿ ಇಲ್ಲ. ಭಾವ ತಾಳಿ ಹಿಡಿದು ಬಗ್ಗಿದರು. ಆಮೇಲೆ ಎಲ್ಲಿಂದಲೋ "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗು ಬಂತು. ಡೋಲಿನವರ ಕೋಲು ಮೇಲೆ ಹೋದಾಗ ಪೆಟ್ಟಿನ ಸದ್ದು. "ವಾಲಗದವರು ನಿದ್ದೆ ಮಾಡ್ತಿದ್ರೇನೋ?" ಅಂದರು ಅಮ್ಮ.

ಅದೇ ಡಿಸ್ಕಿನ ಕೊನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ. ಅಮ್ಮ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು.

ಇಂಥ ಹೊತ್ತಿನಲ್ಲಿ ಎಲ್ಲರೂ ಬೈಯುವುದು ಸಾಫ್ಟ್‌ವೇರನ್ನು. ನಾನೂ ಬೈದೆ. ಅದು ಕೊಡುವ ಎರರ್ ಮೆಸೇಜ್ ಓದಿದರೆ ಸಿಟ್ಟು ಬರದೆ ಇರುತ್ತದಾ? ಉದ್ದನೆಯ ನಂಬರ್ ಒಂದು, ಅದರ ಪಕ್ಕ 'ಅನ್‌ಸ್ಪೆಸಿಫೈಡ್ ಎರರ್'. ಅಂದರೆ ಏನೋ ಆಗಿದೆ, ಏನು ಅಂತ ಕೇಳಬೇಡಿ ಅಂತ. ಆದರೆ ಮೆಸೇಜ್ ಸುಳ್ಳು ಹೇಳಬಹುದು, ತೊಂದರೆ ಸುಳ್ಳು ಹೇಳುವುದಿಲ್ಲ. ಅದು ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ, ಹೇಗೆ ಬೆಳೆಯುತ್ತದೆ ಅನ್ನುವುದನ್ನು ಗಮನಿಸಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಜ್ವರ ಎಂದರೆ ಹಳೇ ಕಾಲದ ಡಾಕ್ಟರು "ಬೆಳಗ್ಗೆ ಬರುತ್ತಾ, ಸಂಜೆ ಬರುತ್ತಾ? ಚಳಿ ಇದೆಯಾ?" ಅಂತ ಕೇಳುತ್ತಿದ್ದರಲ್ಲ, ಹಾಗೆ.

ಮೊದಲ ಪಾಠ ಸಿಕ್ಕಿದ್ದು ಕ್ಯಾಸೆಟ್ ಓಡಿಸಿ ಕಂಪ್ಯೂಟರಿಗೆ ಇಳಿಸುವಾಗಲೇ. ಪ್ರತಿ ಸಲ ಇಪ್ಪತ್ತನೇ ನಿಮಿಷದ ಹತ್ತಿರ ರೆಕಾರ್ಡಿಂಗ್ ನಿಲ್ಲುತ್ತಿತ್ತು. ರೀಸ್ಟಾರ್ಟ್ ಮಾಡಿದೆ, ಸಾಫ್ಟ್‌ವೇರ್ ಬದಲಾಯಿಸಿದೆ, ಮತ್ತೆ ಇಪ್ಪತ್ತನೇ ನಿಮಿಷ. ಕಂಪ್ಯೂಟರ್ ಸುಮ್ಸುಮ್ನೆ ಹ್ಯಾಂಗ್ ಆಗುವುದಾದರೆ ಒಮ್ಮೆ ಐದಕ್ಕೆ, ಒಮ್ಮೆ ನಲವತ್ತಕ್ಕೆ ಆಗಬೇಕಿತ್ತು. ಇಷ್ಟು ಶಿಸ್ತಾಗಿ ಒಂದೇ ಕಡೆ ನಿಲ್ಲುತ್ತದೆ ಅಂದರೆ ಅಲ್ಲೊಂದು ಗೋಡೆ ಇದೆ ಅಂತ ಅರ್ಥ. ನಾನು ಉಳಿಸುತ್ತಿದ್ದದ್ದು ಡಿವಿ ಅನ್ನುವ ಮಾದರಿಯಲ್ಲಿ. ಅದು ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ಇಪ್ಪತ್ತು ನಿಮಿಷಕ್ಕೆ 4 ಜಿಬಿ ದಾಟುವ ಹೊತ್ತು. ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಫೈಲ್ ಜೋಡಿಸಿಡುವ ಫ್ಯಾಟ್32 ಅನ್ನುವ ಹಳೆಯ ಪದ್ಧತಿಯದು. ಅದು ಪ್ರತಿ ಫೈಲಿನ ಗಾತ್ರ ಬರೆದಿಡಲು 32 ಬಿಟ್ ಜಾಗ ಮಾತ್ರ ಇಟ್ಟಿದೆ. 32 ಬಿಟ್‌ನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 429 ಕೋಟಿ ಚಿಲ್ಲರೆ, ಬೈಟ್ ಲೆಕ್ಕದಲ್ಲಿ 4 ಜಿಬಿ. ಫೈಲ್ ಅದಕ್ಕಿಂತ ಒಂದು ಬೈಟ್ ಕೂಡ ಬೆಳೆಯುವಂತಿಲ್ಲ. ಡಿಸ್ಕಿನಲ್ಲಿ 200 ಜಿಬಿ ಖಾಲಿ ಬಿದ್ದಿದ್ದರೂ ಅಷ್ಟೇ. ಇಷ್ಟು ಚಿಕ್ಕ ಮಿತಿ ಇಲ್ಲದ ಪದ್ಧತಿಯಾದ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದೆ. ಮೂರು ಗಂಟೆಯ ಕ್ಯಾಸೆಟ್ ಒಂದೇ ಏಟಿಗೆ ಇಳಿಯಿತು.

ಈಗ ಗಟ್ಟಿಮೇಳಕ್ಕೆ ಬರೋಣ.

ಧ್ವನಿ ತಡ ಆಗಿದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಧ್ವನಿಯ ಪಟ್ಟಿ ಹಿಡಿದು ಎಡಕ್ಕೆ ಎಳೆಯುವುದು. ನಾನೂ ಎಳೆದೆ. ಮುಹೂರ್ತ ಸರಿಯಾಯಿತು, ವರಪೂಜೆ ಹಾಳಾಯಿತು. ಅಲ್ಲಿ ಈಗ ಮಾತು ಮೊದಲು, ತುಟಿ ಆಮೇಲೆ. ಆಗ ಪೆನ್ನು ಕಾಗದ ತಗೊಂಡೆ. ಶುರುವಿನಲ್ಲಿ ಒಬ್ಬರು ತೆಂಗಿನಕಾಯಿ ಒಡೆಯುತ್ತಾರೆ. ಅಲ್ಲಿ ವ್ಯತ್ಯಾಸ ಸೊನ್ನೆ. ಒಂದು ಗಂಟೆಯ ಹತ್ತಿರ ಯಾರೋ ಪಾತ್ರೆ ಬೀಳಿಸುತ್ತಾರೆ. ಅಲ್ಲಿ 9 ಫ್ರೇಮ್ ತಡ (ವಿಡಿಯೋದ ಒಂದೊಂದು ಬಿಡಿ ಚಿತ್ರವೇ ಫ್ರೇಮ್). ಎರಡು ಗಂಟೆಗೆ ಪುರೋಹಿತರ 'ಗಟ್ಟಿಮೇಳ' ಕೂಗು, 19 ಫ್ರೇಮ್ ತಡ. ನಮ್ಮ ದೇಶದ ಟಿವಿ-ವಿಡಿಯೋದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ ಒಂದಕ್ಕೆ 40 ಮಿಲಿಸೆಕೆಂಡ್. ಗಂಟೆಗೆ ಮುಕ್ಕಾಲು ಸೆಕೆಂಡಿನ ಅರ್ಧದಷ್ಟು, ಒಂದೇ ಸಮನೆ ಜಾರುತ್ತಿದೆ.

ಒಂದೇ ಸಮನೆ ಅನ್ನುವುದೇ ಇಲ್ಲಿ ಮುಖ್ಯ. ಕಂಪ್ಯೂಟರ್ ಸುಸ್ತಾಗಿ ನಡುವೆ ಫ್ರೇಮ್‌ಗಳನ್ನು ಬಿಟ್ಟಿದ್ದರೆ ತಡ ಮೆಟ್ಟಿಲ ಹಾಗೆ ಬರುತ್ತಿತ್ತು. ಅರ್ಧ ಗಂಟೆ ಎಲ್ಲಾ ಸರಿ, ಆಮೇಲೆ ಧಡಕ್ಕನೆ ಒಂದು ಜಿಗಿತ. ಫೈಲ್ ಜೋಡಿಸುವಾಗ ತಪ್ಪಿದ್ದರೆ ಮೊದಲಿನಿಂದ ಕೊನೆವರೆಗೂ ಒಂದೇ ಅಂತರ ಇರುತ್ತಿತ್ತು, ಆಗ ಎಡಕ್ಕೆ ಎಳೆದರೆ ಸಾಕಿತ್ತು. ನನ್ನದು ಇಳಿಜಾರು. ಇಳಿಜಾರು ಕಂಡರೆ ಎರಡು ಗಡಿಯಾರ ಜಗಳ ಆಡುತ್ತಿವೆ ಅಂತ ತಿಳಿಯಬೇಕು.

ನಮ್ಮ ಮನೆಯಲ್ಲಿ ಜೋಡಣೆ ಹೀಗಿತ್ತು: ಕ್ಯಾಸೆಟ್ ಓಡಿಸುವ ವಿಸಿಆರ್‌ನಿಂದ ಚಿತ್ರದ ಹಳದಿ ವೈರು ಟಿವಿ ಟ್ಯೂನರ್ ಕಾರ್ಡಿಗೆ. ಧ್ವನಿಯ ಕೆಂಪು, ಬಿಳಿ ವೈರು ಕಂಪ್ಯೂಟರಿನ ಸೌಂಡ್ ಕಾರ್ಡಿಗೆ. ಚಿತ್ರದ ಲೆಕ್ಕ ವಿಸಿಆರ್ ಕಳಿಸುವ ಮಿಡಿತದ ಮೇಲೆ ನಡೆಯುತ್ತದೆ. ಧ್ವನಿಯ ಲೆಕ್ಕ ಸೌಂಡ್ ಕಾರ್ಡಿನೊಳಗಿನ ಸ್ಫಟಿಕದ ಮೇಲೆ. ಆ ಪುಟ್ಟ ಕ್ವಾರ್ಟ್ಸ್ ಚೂರು ಕಂಪಿಸುವ ಲೆಕ್ಕದಲ್ಲಿ ಕಾರ್ಡು ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆದು ಬರೆಯಬೇಕು. ಅಗ್ಗದ ಸ್ಫಟಿಕ ಹತ್ತು ಲಕ್ಷಕ್ಕೆ ನೂರರಷ್ಟು ಆಚೀಚೆ ಆಗುವುದುಂಟು. ಗೋಡೆ ಗಡಿಯಾರದಲ್ಲಾದರೆ ದಿನಕ್ಕೆ ಒಂಬತ್ತು ಸೆಕೆಂಡಿನ ಹತ್ತಿರ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನನ್ನ ಕಾರ್ಡು 48,000ದ ಬದಲು 48,005 ಸಲ ಅಳೆಯುತ್ತಿದ್ದರೆ ಗಂಟೆಗೆ 18,000 ಅಳತೆ ಹೆಚ್ಚಾಯಿತು. ವಾಪಸ್ ಕೇಳಿಸುವಾಗ ಅವನ್ನು ಸೆಕೆಂಡಿಗೆ 48,000ದಂತೆ ಓಡಿಸುತ್ತಾರೆ. ಹಾಗಾಗಿ ಗಂಟೆಯ ಧ್ವನಿ ಮುಗಿಯಲು ಗಂಟೆಗಿಂತ 0.375 ಸೆಕೆಂಡ್ ಜಾಸ್ತಿ ಬೇಕು. ಒಂಬತ್ತು ಫ್ರೇಮ್ ಮೇಲೆ ಚೂರು. ಕಾಗದದ ಮೇಲೆ ಬರೆದ ಸಂಖ್ಯೆಯೇ ಎದುರು ನಿಂತಿತ್ತು.

ಮದ್ದು ಸುಲಭ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಪೂರ್ತಿ ಧ್ವನಿಯನ್ನು ಆ ಚೂರಿನಷ್ಟು ಕುಗ್ಗಿಸಿದೆ. ಹತ್ತು ಸಾವಿರಕ್ಕೆ ಒಂದರಷ್ಟು ಬದಲಾದರೆ ನಾಗಸ್ವರದ ಶ್ರುತಿ ಯಾವ ವಿದ್ವಾಂಸರ ಕಿವಿಗೂ ಸಿಗುವುದಿಲ್ಲ.

ಇದರ ನಡುವೆ ಇನ್ನೊಂದು ಸಂಗತಿ ತಿಳಿಯಿತು. ಚಿತ್ರಕ್ಕಿಂತ ಧ್ವನಿ ಮುಂಚೆ ಬಂದರೆ ನಮಗೆ ಬೇಗ ಕಿರಿಕಿರಿ. 45 ಮಿಲಿಸೆಕೆಂಡಿಗೇ ಗೊತ್ತಾಗಿಬಿಡುತ್ತದೆ. ತಡವಾಗಿ ಬಂದರೆ ಸುಮಾರು 125ರ ತನಕ ಗೊತ್ತೇ ಆಗುವುದಿಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಟಿವಿ ಪ್ರಸಾರಕ್ಕೆ ಹೇಳಿರುವ ಅಳತೆ ಇದು. ಕಾರಣ ಊಹಿಸುವುದು ಕಷ್ಟವಲ್ಲ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ. ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲೇಳುವಾಗ ಸದ್ದು ಕೇಳಿಸುತ್ತದೆ. ತಡವಾದ ಸದ್ದು ನಮಗೆ ಹುಟ್ಟಿದಾಗಿನಿಂದ ಅಭ್ಯಾಸ. ಮುಂಚೆ ಬರುವ ಸದ್ದನ್ನು ಮಾತ್ರ ಪ್ರಪಂಚ ಯಾವತ್ತೂ ಕೇಳಿಸಿಲ್ಲ.

ಚಿತ್ರದ ಕಡೆ ಬೇರೆ ಕಥೆ. ಕೂತವರು ಚೆನ್ನಾಗಿ ಕಾಣುತ್ತಿದ್ದರು, ಎದ್ದು ನಡೆದವರು ಹಿಂದೆ ಮುಂದೆ ನಡುಗುತ್ತಿದ್ದರು. ಹಳೆಯ ಟಿವಿ ಒಂದು ಫ್ರೇಮನ್ನು ಎರಡು ಕಂತಿನಲ್ಲಿ ತೋರಿಸುತ್ತದೆ, ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಒಮ್ಮೆ. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದಿರುತ್ತದೆ. ಯಾವ ಕಂತು ಮೊದಲು ಅನ್ನುವುದರಲ್ಲಿ ಡಿವಿ ಮಾದರಿಯದ್ದು ಒಂದು ಕ್ರಮ, ಬೇರೆ ಅನೇಕ ಕಾರ್ಡುಗಳದ್ದು ಅದಕ್ಕೆ ಉಲ್ಟಾ. ತಪ್ಪಿದರೆ ಆಮೇಲಿನದು ಮೊದಲು ಬಂದು, ನಡೆಯುವವರು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಟ್ಟಂತೆ ಕಾಣುತ್ತದೆ. ಸೆಟ್ಟಿಂಗಿನಲ್ಲಿ 'ಫೀಲ್ಡ್ ಆರ್ಡರ್' ಅಂತ ಇರುವುದು ಇದಕ್ಕೇ. ಬದಲಾಯಿಸಿದೆ, ನಡುಕ ನಿಂತಿತು.

ಅಕ್ಷತೆಯದು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮಂಟಪ, ಬಾಳೆಕಂಬ, ಹಿಂದಿನ ಪರದೆ, ಇವೆಲ್ಲ ಚೊಕ್ಕವಾಗಿದ್ದವು. ಅಕ್ಷತೆ ಹಾರಿದ ಕ್ಷಣ ಇಡೀ ಚಿತ್ರ ಮೊಸರು ಒಡೆದ ಹಾಗೆ ಆಗುತ್ತಿತ್ತು. ಚಿತ್ರವನ್ನು ಕುಗ್ಗಿಸಲು ಡಿವಿಡಿಯಲ್ಲಿ ಬಳಸುವ ಎಂಪೆಗ್-2 ಪದ್ಧತಿ ಜಿಪುಣ ಲೆಕ್ಕಿಗ. ಒಂದು ಫ್ರೇಮನ್ನು ಪೂರ್ತಿ ಬರೆದುಕೊಳ್ಳುತ್ತದೆ. ಮುಂದಿನ ಹತ್ತು ಹದಿನಾಲ್ಕು ಫ್ರೇಮ್‌ಗಳಿಗೆ 'ಇಂತಿಂಥ ತುಂಡು ಇಷ್ಟು ಸರಿಯಿತು, ಉಳಿದದ್ದು ಮೊದಲಿನ ಹಾಗೇ' ಅಂತ ಬರೆದು ಜಾಗ ಉಳಿಸುತ್ತದೆ. ಸಾವಿರಾರು ಅಕ್ಕಿಕಾಳು ಒಂದೊಂದು ದಿಕ್ಕಿಗೆ ಹಾರುವಾಗ 'ಮೊದಲಿನ ಹಾಗೇ' ಅನ್ನುವುದು ಏನೂ ಉಳಿಯುವುದಿಲ್ಲ. ಜೊತೆಗೆ ಫೋಟೋದವರ ಫ್ಲಾಶ್ ಬೇರೆ. ನಮ್ಮ ಮದುವೆಗಳನ್ನು ನೋಡಿದ್ದರೆ ಆ ಲೆಕ್ಕಿಗನನ್ನು ಮಾಡಿದವರು ಇನ್ನೊಂದು ಸಲ ಯೋಚಿಸುತ್ತಿದ್ದರು ಅನ್ನಿಸುತ್ತದೆ.

ಅಷ್ಟಕ್ಕೂ ಖರ್ಚಿಗೆ ಎಷ್ಟಿದೆ? ಡಿಸ್ಕಿನ ಮೇಲೆ 4.7 ಜಿಬಿ ಅಂತ ಬರೆದಿರುತ್ತದೆ, ಕಂಪ್ಯೂಟರ್ 4.38 ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ಎರಡೂ 470 ಕೋಟಿ ಬೈಟೇ. ಅದನ್ನು ಮೂರು ಗಂಟೆಗೆ ಹಂಚಿದರೆ ಸೆಕೆಂಡಿಗೆ ಮೂರೂವರೆ ಮೆಗಾಬಿಟ್ ಕೂಡ ಸಿಗುವುದಿಲ್ಲ. ಡಿವಿಡಿಯಲ್ಲಿ ಚಿತ್ರಕ್ಕೆ 9.8ರ ತನಕ ಅವಕಾಶ ಇದೆ. ನಾನು ಧ್ವನಿಯನ್ನು ಕುಗ್ಗಿಸದೆ ಹಾಗೇ ಇಟ್ಟಿದ್ದೆ, ಅದೊಂದೇ ಒಂದೂವರೆ ಮೆಗಾಬಿಟ್ ನುಂಗುತ್ತಿತ್ತು. ತಿಂಗಳ ಸಂಬಳದ ಅರ್ಧಕ್ಕೆ ಹತ್ತಿರ ಬಾಡಿಗೆಗೇ ಹೋದ ಹಾಗೆ. ಧ್ವನಿಯನ್ನು ಕುಗ್ಗಿಸುವ ಎಸಿ-3 ಅನ್ನುವ ಮಾದರಿಗೆ ಬದಲಿಸಿದರೆ 0.2ಕ್ಕೆ ಮುಗಿಯಿತು.

ಇನ್ನೊಂದು ಗುಟ್ಟಿನ ಖರ್ಚು ಕ್ಯಾಸೆಟ್ಟಿನ ಚಿತ್ರದಲ್ಲಿರುವ ಕಾಳು ಕಾಳು ಗದ್ದಲ. ಕಣ್ಣಿಗೆ ಅದು ಹಳೆಯ ಚಿತ್ರದ ಧೂಳು. ಲೆಕ್ಕಿಗನಿಗೆ ಅದೂ ಅಕ್ಷತೆಯೇ, ಪ್ರತಿ ಫ್ರೇಮಿನಲ್ಲೂ ಹೊಸದು. ಕೆಳಗಿನ ಅಂಚಿನಲ್ಲಿ ನಡುಗುವ ಪಟ್ಟಿಯೊಂದು ಇರುತ್ತದಲ್ಲ, ವಿಸಿಆರ್ ಟೇಪ್ ಓದುವ ಒಂದು ಹೆಡ್‌ನಿಂದ ಇನ್ನೊಂದಕ್ಕೆ ದಾಟುವ ಜಾಗ ಅದು. ಅದಕ್ಕೂ ಬಿಟ್ ಸುರಿಯುತ್ತದೆ. ಹಳೆಯ ಟಿವಿಯ ಚೌಕಟ್ಟು ಆ ಪಟ್ಟಿಯನ್ನು ಮುಚ್ಚಿಡುತ್ತಿತ್ತು. ನಾನು ಕಪ್ಪು ಬಣ್ಣ ಬಳಿದು ಮುಚ್ಚಿದೆ, ಗದ್ದಲವನ್ನು ಫಿಲ್ಟರ್ ಹಾಕಿ ಇಳಿಸಿದೆ, ಮದುವೆಯನ್ನು ಎರಡು ಡಿಸ್ಕಿಗೆ ಹಂಚಿದೆ. ಅಕ್ಷತೆ ಅಕ್ಕಿಕಾಳಾಗಿ ಬಿತ್ತು.

ಉಳಿದದ್ದು ಕೊನೆಯ ಹತ್ತು ನಿಮಿಷದ ತೊಂದರೆ. ಡಿವಿಡಿಯನ್ನು ಒಳಗಿನಿಂದ ಹೊರಗೆ ಬರೆಯುತ್ತಾರೆ, ಗ್ರಾಮಫೋನ್ ತಟ್ಟೆಗೆ ತಿರುಗಾಮುರುಗಾ. ಕೊನೆ ಅಂದರೆ ಅಂಚು. ಡಿಸ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬರೆದ ಭಾಗದ ಬಣ್ಣ ಚೂರು ಬೇರೆ ಕಾಣುತ್ತದೆ. ನನ್ನದರಲ್ಲಿ ಅದು ತುದಿ ಮುಟ್ಟಿತ್ತು. ಒಳಗೆ ತೆಳುವಾದ ಬಣ್ಣದ ಪದರ ಇರುತ್ತದೆ. 650 ನ್ಯಾನೋಮೀಟರಿನ ಕೆಂಪು ಲೇಸರ್ ಅದನ್ನು ಚುಕ್ಕಿ ಚುಕ್ಕಿಯಾಗಿ ಸುಡುತ್ತದೆ. ಸಾಲಿನಿಂದ ಸಾಲಿಗೆ 0.74 ಮೈಕ್ರೋಮೀಟರ್. ಆ ಸುರುಳಿಯನ್ನು ಬಿಚ್ಚಿ ಎಳೆದರೆ ಹನ್ನೆರಡು ಕಿಲೋಮೀಟರಿನ ಹತ್ತಿರ. ಪೂರ್ತಿ 16 ಪಟ್ಟು ವೇಗದಲ್ಲಿ ಬರೆಯುವಾಗ ಡಿಸ್ಕು ನಿಮಿಷಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅಂಚು ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಲ್ಲಿ ಪದರ ಚೂರು ಏರುಪೇರಾಗಿದ್ದರೂ, ಡಿಸ್ಕ್ ಚೂರು ತೂಗಾಡಿದರೂ ಚುಕ್ಕಿ ಕೆಡುತ್ತದೆ. ನಾನು ಮೇಲೆ ಅಕ್ಕ-ಭಾವನ ಫೋಟೋ ಸ್ಟಿಕ್ಕರ್ ಬೇರೆ ಅಂಟಿಸಿದ್ದೆ, ಸೊಟ್ಟಕ್ಕೆ.

ಸಣ್ಣಪುಟ್ಟ ಚುಕ್ಕಿ ಕೆಟ್ಟರೆ ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ರೀಡ್ ಮತ್ತು ಸಾಲೊಮನ್ ಅನ್ನುವ ಇಬ್ಬರು ಗಣಿತಜ್ಞರು 1960ರಲ್ಲಿ ಕೊಟ್ಟ ವಿದ್ಯೆ ಅದು. ಆದರೆ ಮಿತಿ ದಾಟಿದರೆ ಒಮ್ಮೆಲೇ ಕೈ ಬಿಡುತ್ತದೆ. ಅದಕ್ಕೇ ಮೂರು ಗಂಟೆ ಚೊಕ್ಕವಾಗಿದ್ದ ಚಿತ್ರ ಇದ್ದಕ್ಕಿದ್ದ ಹಾಗೆ ಒಡೆದದ್ದು. ಹೊಸ ಡಿಸ್ಕ್‌ಗಳಿಗೆ ಸೆಕೆಂಡಿಗೆ 6 ಮೆಗಾಬಿಟ್ ಸಾಕು ಅಂತ ಹಿಡಿದೆ. ಒಂದೂವರೆ ಗಂಟೆಗೆ 405 ಕೋಟಿ ಬೈಟ್, ಅಂಚು ಖಾಲಿ. ವೇಗ 8ಕ್ಕೆ ಇಳಿಸಿದೆ. ಹೆಸರನ್ನು ಮಾರ್ಕರ್ ಪೆನ್ನಿನಲ್ಲಿ ಬರೆದೆ.

ನ್ಯೂಜೆರ್ಸಿಯ ಚಿಕ್ಕಮ್ಮನಿಗೆ ಕಳಿಸಿದ ಪ್ರತಿ ಅವರ ಪ್ಲೇಯರಿನಲ್ಲಿ ಓಡಲೇ ಇಲ್ಲ. ಅಮೆರಿಕದ ಡಿವಿಡಿಗಳದ್ದು ಪಾಲ್ ಅಲ್ಲ, ಎನ್‌ಟಿಎಸ್‌ಸಿ, ಸೆಕೆಂಡಿಗೆ 29.97 ಫ್ರೇಮ್. ನಮ್ಮ ಪ್ಲೇಯರ್‌ಗಳು ಹೆಚ್ಚಾಗಿ ಎರಡನ್ನೂ ನುಂಗುತ್ತವೆ, ಅಲ್ಲಿನ ಹಲವು ನುಂಗುವುದಿಲ್ಲ. ಕಂಪ್ಯೂಟರಿನಲ್ಲಿ ಹಾಕಿಕೊಂಡು ನೋಡಿದರು.

ಇಷ್ಟಾದ ಮೇಲೂ ನನಗೆ ನೆಮ್ಮದಿ ಇರಲಿಲ್ಲ. ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡುವ ಚಟ ಹಿಡಿದಿತ್ತು. ಡೋಲಿನ ಕೋಲು ಚರ್ಮ ಮುಟ್ಟಿದ ಫ್ರೇಮಿಗೂ ಧ್ವನಿಯ ಗೆರೆ ಎದ್ದ ಜಾಗಕ್ಕೂ ಇನ್ನೂ ಎರಡು ಫ್ರೇಮ್ ಅಂತರ. ಸ್ಫಟಿಕದ ಲೆಕ್ಕ ಮತ್ತೆ ಮಾಡಿದೆ, ಸರಿ ಇದೆ. ಧ್ವನಿಯನ್ನು ಎರಡು ಫ್ರೇಮ್ ಎಳೆಯಲು ಹೊರಟವನು ಅದರ ಹಿಂದಿನ ದೃಶ್ಯ ನೋಡಿದೆ. ಪುರೋಹಿತರ ತುಟಿ, ಮಾತು ಕೂದಲಷ್ಟೂ ಆಚೀಚೆ ಇಲ್ಲ. ಅವರು ಕ್ಯಾಮೆರಾ ಪಕ್ಕದಲ್ಲೇ ಇದ್ದರು. ಡೋಲಿನವರನ್ನು ಮಾತ್ರ ವಿಡಿಯೋದವರು ಮಂಟಪದ ಹತ್ತಿರ ನಿಂತು ಝೂಮ್ ಮಾಡಿ ತೆಗೆದಿದ್ದರು.

"ಅಮ್ಮಾ, ವಾಲಗದವರು ಎಲ್ಲಿ ಕೂತಿದ್ರು?" ಅಂತ ಕೇಳಿದೆ.

"ಛತ್ರದ ಬಾಗಿಲ ಹತ್ರ ಕಣೋ. ಮಂಟಪದಿಂದ ನೂರಡಿ ಆದ್ರೂ ಇರುತ್ತೆ. ಜಾಗ ಸಾಲ್ದು ಅಂತ ನಿಮ್ಮಪ್ಪನೇ ಅಲ್ಲಿ ಕೂರ್ಸಿದ್ದು."

ನೂರಡಿ ದಾಟಲು ಸದ್ದಿಗೆ ಸುಮಾರು 88 ಮಿಲಿಸೆಕೆಂಡ್ ಬೇಕು. ಆ ಎರಡು ಫ್ರೇಮನ್ನು ಹಾಗೇ ಬಿಟ್ಟೆ.