ಚಾರ್ಟರ್ ಶಾಲೆಯ ಟೀಚರ್‌ಗೆ ಲೈಸೆನ್ಸ್ ಬೇಕಾ?

ಅಮೆರಿಕದಲ್ಲಿ ಮಗುವಿಗೆ ಶಾಲೆ ಹುಡುಕುವ ಕನ್ನಡಿಗರ ಕಿವಿಗೆ ‘ಚಾರ್ಟರ್ ಶಾಲೆ’ ಅನ್ನುವ ಹೆಸರು ಬೀಳುತ್ತದೆ. ಫೀಸ್ ಇಲ್ಲ, ಸರ್ಕಾರದ ದುಡ್ಡಿನಲ್ಲೇ ನಡೆಯುತ್ತದೆ. ಆದರೆ ಆಡಳಿತ ಬೇರೆಯವರದು. ಹಾಗಾದರೆ ಪಾಠ ಮಾಡುವವರಿಗೆ ಲೈಸೆನ್ಸ್ ಇರುತ್ತದಾ?

ಉತ್ತರದ ಎಳೆ ‘ಚಾರ್ಟರ್’ ಪದದಲ್ಲೇ ಇದೆ. ಚಾರ್ಟರ್ ಅಂದರೆ ಇಲ್ಲಿ ಕರಾರು. ‘ಕೆಲವು ನಿಯಮಗಳಿಂದ ನಿಮಗೆ ಬಿಡುಗಡೆ, ಬದಲಿಗೆ ಮಕ್ಕಳು ಚೆನ್ನಾಗಿ ಕಲಿತಿದ್ದಾರೆಂದು ತೋರಿಸಿ, ಇಲ್ಲದಿದ್ದರೆ ಶಾಲೆ ಮುಚ್ಚಬೇಕಾದೀತು’ ಅನ್ನುವ ಒಪ್ಪಂದ. 1991ರಲ್ಲಿ ಮಿನ್ನೆಸೋಟ ಇಂಥ ಮೊದಲ ಕಾನೂನು ಮಾಡಿತು. ಟೀಚರ್ ಲೈಸೆನ್ಸ್ ಈ ಬಿಡುಗಡೆಯ ಪಟ್ಟಿಯಲ್ಲಿ ಸೇರುತ್ತದೋ ಇಲ್ಲವೋ ಅನ್ನುವುದನ್ನು ಆಯಾ ರಾಜ್ಯವೇ ತೀರ್ಮಾನಿಸುತ್ತದೆ.

ಲೈಸೆನ್ಸ್ ಮತ್ತು ಅರ್ಹತೆ ಒಂದೇ ಅಲ್ಲ. ಅರ್ಹತೆ ಅಂದರೆ ಡಿಗ್ರಿ, ವಿಷಯಜ್ಞಾನ, ಅನುಭವ. ಲೈಸೆನ್ಸ್ ಅಂದರೆ ತರಬೇತಿ, ಪರೀಕ್ಷೆ, ಹಿನ್ನೆಲೆ ತಪಾಸಣೆ ಎಲ್ಲ ನೋಡಿ ರಾಜ್ಯ ಕೊಡುವ ಅನುಮತಿ. ಕೆಲವು ರಾಜ್ಯಗಳಲ್ಲಿ ಇದನ್ನೇ ಸರ್ಟಿಫಿಕೇಟ್ ಅಥವಾ ಕ್ರೆಡೆನ್ಶಿಯಲ್ ಅನ್ನುತ್ತಾರೆ. ನಮ್ಮಲ್ಲಿ ಬಿ.ಎಡ್. ಬೇರೆ, ಟಿಇಟಿ ಬೇರೆ ಅಲ್ವಾ, ಸುಮಾರಾಗಿ ಹಾಗೆ.

ಮಿನ್ನೆಸೋಟದಲ್ಲಿ ಚಾರ್ಟರ್ ಟೀಚರ್‌ಗೂ ಲೈಸೆನ್ಸ್ ಬೇಕು. ಅರಿಜೋನದಲ್ಲಿ ಸಾಮಾನ್ಯ ತರಗತಿಗೆ ಅದು ಕಡ್ಡಾಯವಲ್ಲ, ಆದರೆ ಬೆರಳ ಗುರುತು ಪಡೆದು ಮಾಡುವ ಹಿನ್ನೆಲೆ ತಪಾಸಣೆ ತಪ್ಪುವುದಿಲ್ಲ. ಪೆನ್ಸಿಲ್ವೇನಿಯದಲ್ಲಿ ವೃತ್ತಿಪರ ಸಿಬ್ಬಂದಿಯ ಪೈಕಿ ಕನಿಷ್ಠ ಶೇ. 75 ಮಂದಿಗೆ ಸರ್ಟಿಫಿಕೇಟ್ ಇರಬೇಕು. ಕ್ಯಾಲಿಫೋರ್ನಿಯದ್ದು ಇನ್ನೂ ಸ್ವಾರಸ್ಯದ ಕಥೆ. ಅಲ್ಲಿ ಗಣಿತ, ಇಂಗ್ಲಿಷ್‌ನಂಥ ಮುಖ್ಯ ವಿಷಯಗಳಿಗೆ ಕ್ರೆಡೆನ್ಶಿಯಲ್ ಬೇಕಿತ್ತು, ಉಳಿದವಕ್ಕೆ ಸಡಿಲಿಕೆ ಇತ್ತು. 2019ರ ಕಾನೂನು ಆ ಸಡಿಲಿಕೆಯನ್ನು ತೆಗೆದುಹಾಕಿತು. 2019–20ರಲ್ಲಿ ಕೆಲಸದಲ್ಲಿದ್ದವರಿಗೆ ಮಾತ್ರ 2025ರ ಜುಲೈ 1ರವರೆಗೆ ಸಮಯ ಕೊಟ್ಟಿತು.

ನನಗೆ ಅನ್ನಿಸುವುದು ಇಷ್ಟು: ಸಂಗೀತಗಾರರೋ ಬಡಗಿಯೋ ತಮ್ಮ ವಿದ್ಯೆ ಕಲಿಸಲು ಬಂದರೆ ಸಡಿಲಿಕೆ ಒಳ್ಳೆಯದೇ. ಆದರೆ ಅಕ್ಷರ ಕಲಿಯುವ ಪುಟ್ಟ ಮಗುವಿನ ಮುಂದೆ ನಿಲ್ಲುವವರಿಗೆ ತರಬೇತಿ ಬೇಕೇ ಬೇಕು. ವಿಷಯ ಗೊತ್ತಿರುವುದು ಬೇರೆ, ಮಗು ಎಲ್ಲಿ ತಡವರಿಸುತ್ತಿದೆ ಅಂತ ಗೊತ್ತಾಗುವುದು ಬೇರೆ.

ಪೋಷಕರು ಸುಮ್ನೆ ಊಹೆ ಮಾಡುತ್ತಾ ಕೂರಬೇಕಿಲ್ಲ. ಬಡ ಮಕ್ಕಳ ಕಲಿಕೆಗೆಂದು ಕೇಂದ್ರ ಸರ್ಕಾರ ಕೊಡುವ ‘ಟೈಟಲ್ ಒನ್’ ಹಣ ಪಡೆಯುವ ಶಾಲೆಯಾದರೆ, ಮಗುವಿನ ಟೀಚರ್ ಅರ್ಹತೆ ಮತ್ತು ಲೈಸೆನ್ಸ್ ವಿಷಯದಲ್ಲಿ ರಾಜ್ಯದ ನಿಯಮಕ್ಕೆ ಹೊಂದುತ್ತಾರಾ ಎಂದು ಕೇಳುವ ಹಕ್ಕು ಅಲ್ಲಿನ 2015ರ ಶಿಕ್ಷಣ ಕಾನೂನಿನಲ್ಲೇ ಇದೆ. ಕೇಳಿದರೆ ಶಾಲೆಯವರು ಹೇಳಲೇಬೇಕು.