ಸೌದೆ ಸೀಳುವ ಮಷಿನ್: ಟ್ರ್ಯಾಕ್ಟರ್‌ಗೆ ಹಾಕೋದಾ, ಸ್ವಂತ ಇಂಜಿನ್ ಇರೋದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ನಾಲ್ಕು ಎಕರೆ ಅಡಿಕೆ ತೋಟ. ಮನೆಯಲ್ಲೇ ಅಡಿಕೆ ಬೇಯಿಸುತ್ತೇವೆ. ಸೌದೆ ಒಡೆಯಲು ಆಳು ಸಿಗುತ್ತಿಲ್ಲ. 45 ಹೆಚ್‌ಪಿ ಟ್ರ್ಯಾಕ್ಟರ್ ಇದೆ. ಅದಕ್ಕೆ ಜೋಡಿಸುವ ಮಷಿನ್ ತಗೊಂಡರೆ ಪವರ್ ಜಾಸ್ತಿ ಅಲ್ವಾ? ಸ್ವಂತ ಇಂಜಿನ್ ಇರುವುದು ಬರೀ 6.5 ಹೆಚ್‌ಪಿ.

ಕೊನೆಕೊಯ್ಲು ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ಹೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಹೇಳಿದ್ದೇನೆ, ಮಷಿನ್ ಮುಂದೆ ನಿಲ್ಲಿಸಿ ತೋರಿಸಿದ್ದೂ ಆಗಿದೆ. ಆದರೂ ಮುಂದಿನ ವರ್ಷ ಅದೇ ಮಾತು: "45 ಎಲ್ಲಿ, 6.5 ಎಲ್ಲಿ!" ಹಾಗಾಗಿ ಈ ಸಲ ಲೆಕ್ಕ ಸಮೇತ ಬರೆದುಬಿಡುತ್ತೇನೆ. ಪೆನ್ನು ಹಿಡಿದು ಓದಿ.

ದಿಮ್ಮಿಯನ್ನು ಸೀಳುವುದು ಇಂಜಿನ್ನಿನ ಹೆಚ್‌ಪಿ ಅಲ್ಲ. ಸಿಲಿಂಡರ್ ಎಷ್ಟು ದಪ್ಪ ಇದೆ, ಅದರೊಳಗೆ ಎಣ್ಣೆಯ ಒತ್ತಡ ಎಷ್ಟಿದೆ, ಇವೆರಡೇ.

ಪಂಕ್ಚರ್ ಅಂಗಡಿಯಲ್ಲಿ ನೋಡಿಲ್ವಾ? ಹುಡುಗ ಒಂದೇ ಕೈಯಲ್ಲಿ ಜಾಕ್ ಒತ್ತುತ್ತಾನೆ, ಲೋಡ್ ಲಾರಿಯ ಚಕ್ರ ನೆಲ ಬಿಟ್ಟು ಮೇಲೆ ಬರುತ್ತದೆ. ಆ ಹುಡುಗನ ತೋಳಿಗೆ ಎಷ್ಟು ಹೆಚ್‌ಪಿ ಇದ್ದೀತು? ಬಲ ಇರುವುದು ಜಾಕಿನಲ್ಲಿ. ಹುಡುಗ ನಿಧಾನಕ್ಕೆ ಎಣ್ಣೆ ತಳ್ಳುತ್ತಾನೆ, ಅಷ್ಟೇ. ಸೌದೆ ಮಷಿನ್ ಕೂಡ ಅಡ್ಡ ಮಲಗಿಸಿದ ಜಾಕ್.

ಈಗ ಲೆಕ್ಕ. ಸಿಲಿಂಡರಿನ ಒಳ ಅಗಲ, ಅಂದರೆ ಬೋರ್, 10 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಪಿಸ್ಟನ್ನಿನ ಮುಖ 78.5 ಚದರ ಸೆಂ.ಮೀ. ಆಯಿತು. ಎಣ್ಣೆಯ ಒತ್ತಡ ಚದರ ಸೆಂ.ಮೀ.ಗೆ 200 ಕೆಜಿ. ಗುಣಿಸಿ: 15,700 ಕೆಜಿ. ಸುಮಾರು 15.7 ಟನ್. ಈ ಗುಣಾಕಾರದಲ್ಲಿ ಹೆಚ್‌ಪಿ ಎಲ್ಲಾದರೂ ಬಂತಾ? ಬರಲಿಲ್ಲ. ಎಣ್ಣೆ ಟ್ರ್ಯಾಕ್ಟರ್‌ನಿಂದ ಬಂದರೂ 15.7 ಟನ್, ಸಣ್ಣ ಪೆಟ್ರೋಲ್ ಇಂಜಿನ್ನಿನ ಪಂಪಿನಿಂದ ಬಂದರೂ 15.7 ಟನ್. ಬೋರ್ 10ರಿಂದ 12.5 ಸೆಂ.ಮೀ. ಆದರೆ ಅದೇ ಒತ್ತಡದಲ್ಲಿ 24.5 ಟನ್. ಬೋರ್ ದುಪ್ಪಟ್ಟು ಮಾಡಿದರೆ ಬಲ ನಾಲ್ಕು ಪಟ್ಟು. ಮಾರುವವರ ಹತ್ತಿರ ಮೊದಲು ಕೇಳಬೇಕಾದ್ದು ಬೋರ್. ಅವರಿಗೆ ಗೊತ್ತಿಲ್ಲದಿದ್ದರೆ ಮಷಿನ್ ಮುಟ್ಟಬೇಡಿ.

"ಹಾಗಾದರೆ ಹೆಚ್‌ಪಿ ಯಾತಕ್ಕೆ?" ಅಂತ ಕೇಳುತ್ತೀರಿ. ವೇಗಕ್ಕೆ. ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆಯನ್ನು ಆ ಒತ್ತಡದಲ್ಲಿ ತಳ್ಳಬಹುದು ಅನ್ನುವುದನ್ನು ಹೆಚ್‌ಪಿ ಹೇಳುತ್ತದೆ. ಅಲ್ಲೂ ಟ್ರ್ಯಾಕ್ಟರ್ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಪಂಪ್ ನಿಮಿಷಕ್ಕೆ 20 ಲೀಟರ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 200 ಕೆಜಿ ಒತ್ತಡದಲ್ಲಿ 20 ಲೀಟರ್ ತಳ್ಳಲು ಬೇಕಾದದ್ದು 9 ಹೆಚ್‌ಪಿ ಹತ್ತಿರ. ಮಿಕ್ಕ 36 ಹೆಚ್‌ಪಿಗೆ ಕೆಲಸವೇ ಇಲ್ಲ. ಅಷ್ಟು ದೊಡ್ಡ ಇಂಜಿನ್ ಸುಮ್ನೆ ತಿರುಗುವುದಕ್ಕೂ ಡೀಸೆಲ್ ಕುಡಿಯುತ್ತದೆ.

ಸ್ವಂತ ಇಂಜಿನ್ ಇರುವ ಒಳ್ಳೆ ಮಷಿನ್‌ಗಳಲ್ಲಿ ಎರಡು ಹಂತದ ಪಂಪ್ ಇರುತ್ತದೆ. ಬೆಣೆ ದಿಮ್ಮಿಗೆ ತಾಗುವ ತನಕ ಒತ್ತಡ ಕಡಿಮೆ, ಎಣ್ಣೆ ಜಾಸ್ತಿ, ನಿಮಿಷಕ್ಕೆ 40 ಲೀಟರ್ ಹತ್ತಿರ. ತಾಗಿ ಬಿಗಿಯಾದ ಕೂಡಲೇ ಪಂಪ್ ತಾನೇ ಬದಲಾಯಿಸಿಕೊಳ್ಳುತ್ತದೆ: ಎಣ್ಣೆ ಹತ್ತು ಹನ್ನೊಂದು ಲೀಟರಿಗೆ ಇಳಿಯುತ್ತದೆ, ಒತ್ತಡ 200ಕ್ಕೆ ಏರುತ್ತದೆ. ಅದಕ್ಕೆ ಬೇಕಾದದ್ದು 5 ಹೆಚ್‌ಪಿ. 6.5 ಸಾಕು! 10 ಸೆಂ.ಮೀ. ಬೋರಿನ ಸಿಲಿಂಡರ್ 60 ಸೆಂ.ಮೀ. ಮುಂದೆ ಹೋಗಲು 4.7 ಲೀಟರ್ ಎಣ್ಣೆ ಬೇಕು. ನಿಮ್ಮ ಟ್ರ್ಯಾಕ್ಟರ್ ಎಣ್ಣೆಯಲ್ಲಿ 14 ಸೆಕೆಂಡ್. ಎರಡು ಹಂತದ ಪಂಪಿನಲ್ಲಿ ಖಾಲಿ ಓಟ 7 ಸೆಕೆಂಡ್. ನೇರ ಬೆಳೆದ ಸೌದೆ ಬೆಣೆ ಒಂದು ಗೇಣು ಇಳಿಯುವಷ್ಟರಲ್ಲಿ ಬಾಯಿ ಬಿಡುತ್ತದೆ. ಗಟ್ಟಿ ಒತ್ತಡದ ನಿಧಾನ ಓಟ ಬೇಕಾಗುವುದು ಅಷ್ಟು ಹೊತ್ತಿಗೆ ಮಾತ್ರ.

ಎರಡು ವರ್ಷದ ಹಿಂದೆ ಪಕ್ಕದ ಮನೆಯವರು ಹಲಸಿನ ಬೊಡ್ಡೆಯೊಂದನ್ನು ಸೀಳಲು ಕೂತಿದ್ದರು. ಕವಲು ಒಡೆದ ಜಾಗ, ನಾರೆಲ್ಲ ಒಂದರೊಳಗೊಂದು ಹೆಣೆದುಕೊಂಡಿತ್ತು. ಅವರದು 50 ಹೆಚ್‌ಪಿ ಟ್ರ್ಯಾಕ್ಟರ್, ಹಿಂದೆ ಕಟ್ಟಿದ ಸಿಲಿಂಡರ್ 7.5 ಸೆಂ.ಮೀ.ದು. ಬೆಣೆ ಎರಡು ಬೆರಳು ಒಳಗೆ ಹೋಯಿತು, ನಿಂತಿತು. ರಿಲೀಫ್ ವಾಲ್ವ್ ಕುಯ್ ಅಂತ ಕೂಗಲು ಶುರು ಮಾಡಿತು. ಅವರು ಆಕ್ಸಿಲರೇಟರ್ ಜಾಸ್ತಿ ಕೊಟ್ಟರು. ಹೊಗೆ ಬಂತು, ಕೂಗು ಜೋರಾಯಿತು, ಬೆಣೆ ಒಂದು ನೂಲೂ ಅಲ್ಲಾಡಲಿಲ್ಲ. ಯಾಕೆ? ಒತ್ತಡ ಮಿತಿ ಮುಟ್ಟಿದ ಮೇಲೆ ಬಂದ ಎಣ್ಣೆಯೆಲ್ಲ ಆ ವಾಲ್ವಿನಿಂದ ವಾಪಸ್ ಟ್ಯಾಂಕಿಗೆ ಹೋಗುತ್ತದೆ. ಅವರ ಟ್ರ್ಯಾಕ್ಟರ್‌ನ ಮಿತಿ 150 ಕೆಜಿ. ಪಿಸ್ಟನ್ನಿನ ಮುಖ 44 ಚದರ ಸೆಂ.ಮೀ. ಒಟ್ಟು 6.6 ಟನ್. ಇಂಜಿನ್ ಎಷ್ಟು ಕಿರುಚಿದರೂ ಅಷ್ಟೇ.

ಅದೇ ಬೊಡ್ಡೆಯನ್ನು ಇಬ್ಬರು ಉರುಳಿಸಿಕೊಂಡು ನಮ್ಮ ಅಂಗಳಕ್ಕೆ ತಂದರು. ನನ್ನದು 6.5 ಹೆಚ್‌ಪಿ, 10 ಸೆಂ.ಮೀ. ಬೋರ್. ಬೆಣೆ ತಾಗಿತು, ಇಂಜಿನ್ ಸದ್ದು ಸ್ವಲ್ಪ ದಪ್ಪಗಾಯಿತು, ಬೆಣೆ ಇರುವೆ ನಡೆದ ಹಾಗೆ ಒಳಗೆ ಹೋಯಿತು. ನಾರು ಚಟಚಟ ಹರಿಯುವುದು ಕೇಳುತ್ತಿತ್ತು. ಆಮೇಲೆ ಟಪ್ ಅಂತ ಎರಡು ಹೋಳು. ಹಳದಿ ತಿರುಳು ಬಿಸಿಲಿಗೆ ಹೊಳೆಯಿತು. ಅವತ್ತು ನನಗಾದ ಖುಷಿ ಚಿಕ್ಕದಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ವಾಲ್ವಿನ ಸ್ಕ್ರೂ ತಿರುಗಿಸಿ ಒತ್ತಡ ಏರಿಸಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಬೇಡ. ಹೋಸ್ ಒಡೆಯುತ್ತದೆ, ಇಲ್ಲಾ ಪಂಪ್ ಹೋಗುತ್ತದೆ. ಹೋಸಿನಲ್ಲಿ ಸೂಜಿ ತೂತಿನಷ್ಟು ಸೋರಿಕೆ ಇದ್ದರೂ ಬರಿಗೈಯಲ್ಲಿ ತಡವಬೇಡಿ. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಸರಿ, ಪವರ್ ವಿಷಯ ಮುಗಿಯಿತು. ಮತ್ತೆ ಯಾವುದರ ಮೇಲೆ ನಿರ್ಧಾರ ಮಾಡಬೇಕು? ನಿಮ್ಮ ಟ್ರ್ಯಾಕ್ಟರ್ ಬೇಸಿಗೆಯಲ್ಲಿ ಎಲ್ಲಿರುತ್ತದೆ ಅನ್ನುವುದರ ಮೇಲೆ. ಸೌದೆ ಒಡೆಯುವ ತಿಂಗಳಲ್ಲೇ ತೋಟಕ್ಕೆ ಮಣ್ಣು, ಗೊಬ್ಬರ, ಸೊಪ್ಪಿನ ಬೆಟ್ಟದಿಂದ ದರಗು. ಟ್ರೈಲರ್ ಬಿಚ್ಚಿ ಸೌದೆ ಮಷಿನ್ ಕಟ್ಟು, ಅದನ್ನು ಬಿಚ್ಚಿ ಮತ್ತೆ ಟ್ರೈಲರ್ ಕಟ್ಟು. ಒಂದು ವಾರ ಮಾಡುತ್ತೀರಿ. ಆಮೇಲೆ ಮಷಿನ್ ಕೊಟ್ಟಿಗೆ ಮೂಲೆ ಸೇರುತ್ತದೆ. ಹಾಗೆ ಮೂಲೆ ಸೇರಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಾಲ್ಕು ಎಕರೆಯವರು ನೀವು, ಸೌದೆ ಮನೆ ಅಂಗಳಕ್ಕೇ ಬರುತ್ತದೆ. ಸ್ವಂತ ಇಂಜಿನ್‌ದು ತಗೊಳ್ಳಿ. ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಬಿಡುವಾದರೂ ಹಗ್ಗ ಎಳೆದು ಶುರು ಮಾಡಬಹುದು.

ಟ್ರ್ಯಾಕ್ಟರ್‌ನದು ಬೇಡವೇ ಬೇಡ ಅಂತಲ್ಲ. ಮರ ಬೆಟ್ಟದಲ್ಲಿ ಬಿದ್ದಿದೆ, ಅಲ್ಲೇ ಸೀಳಿ ತರಬೇಕು, ಊರಿನವರಿಗೆ ಬಾಡಿಗೆಗೂ ಹೋಗುತ್ತೀರಿ ಅಂದರೆ ಅದೇ ಸರಿ. ಆಗ ಪಿಟಿಒದಿಂದ, ಅಂದರೆ ಟ್ರ್ಯಾಕ್ಟರ್ ಹಿಂದೆ ಇಂಜಿನ್ ಬಲದಿಂದ ತಿರುಗುವ ಶಾಫ್ಟಿನಿಂದ, ನಡೆಯುವ, ತನ್ನದೇ ಪಂಪ್, ತನ್ನದೇ ಎಣ್ಣೆ ಟ್ಯಾಂಕ್ ಇರುವುದನ್ನು ನೋಡಿ. ನಮ್ಮ ಕಡೆಯ ಸುಮಾರು ಟ್ರ್ಯಾಕ್ಟರ್‌ಗಳಲ್ಲಿ ಹೈಡ್ರಾಲಿಕ್ ಎಣ್ಣೆಯೂ ಗೇರ್‌ಬಾಕ್ಸ್ ಎಣ್ಣೆಯೂ ಒಂದೇ. ಹೋಸಿನ ಬಾಯಿಗೆ ಮೆತ್ತಿದ ಮಣ್ಣು, ಮರದ ಹೊಟ್ಟು ನೇರ ಗೇರಿಗೆ ಹೋಗುತ್ತದೆ. ಕರೆಂಟ್ ಮೋಟರಿನದು ಸದ್ದಿಲ್ಲ, ಹೊಗೆಯಿಲ್ಲ, ನಿಜ. ಆದರೆ ವೋಲ್ಟೇಜ್ ಬಿದ್ದರೆ ಮೋಟರ್ ಸುಡುತ್ತದೆ. ನಿಮ್ಮ ಮನೆಯ ಲೈನ್ ನೋಡಿಕೊಂಡು ತೀರ್ಮಾನ ಮಾಡಿ.

ಪಿಟಿಒಗೆ ಹಾಕುವ ತಿರುಪಿನ ಮೊಳೆಯಂಥ ಮಷಿನ್ ಬಗ್ಗೆಯೂ ಕೇಳುತ್ತಾರೆ. ಅಗ್ಗ, ವೇಗವೂ ಹೌದು. ಆದರೆ ಅದು ಸದಾ ತಿರುಗುತ್ತಲೇ ಇರುತ್ತದೆ. ಪಂಚೆಯ ಅಂಚು, ಹೆಗಲ ಟವೆಲ್ ಸಿಕ್ಕಿದರೆ ಮನುಷ್ಯನನ್ನೇ ಸುತ್ತಿಕೊಳ್ಳುತ್ತದೆ. ನಮ್ಮ ಮನೆಗೆ ನಾನು ತರಲಿಲ್ಲ, ನಿಮಗೂ ತನ್ನಿ ಅನ್ನುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಒಂದು ಹೇಳಬೇಕು. ಮಷಿನ್ ಯಾವುದಾದರೂ ಆಗಲಿ, ಸೀಳುವುದು ಯಾವಾಗ? "ಒಣಗಲಿ, ಆಮೇಲೆ ಒಡೆಯೋಣ" ಅಂತ ದಿಮ್ಮಿಗಳನ್ನು ಮಳೆಗಾಲದ ತನಕ ಹಾಗೇ ಬಿಡುತ್ತಾರೆ. ಇದು ಉಲ್ಟಾ. ಹಸಿ ಇದ್ದಾಗ ಹೆಚ್ಚಿನ ಮರಗಳು ಸುಲಭವಾಗಿ ಸೀಳುತ್ತವೆ. ಅಕೇಶಿಯಾ, ನೀಲಗಿರಿ ಒಣಗಿದ ಮೇಲೆ ಕಬ್ಬಿಣ. ಅದಕ್ಕಿಂತ ಮುಖ್ಯ, ಇಡೀ ದಿಮ್ಮಿ ಒಣಗುವುದೇ ಇಲ್ಲ. ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ. ಸೀಳಿದ ಮುಖದಿಂದ ನೀರು ಬೇಗ ಹೋಗುತ್ತದೆ. ಹೊಸದಾಗಿ ಕಡಿದ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರಬಹುದು. ಅಂಥ ಸೌದೆ ಒಲೆಗೆ ಹಾಕಿದರೆ ಬೆಂಕಿ ಮೊದಲು ಆ ನೀರನ್ನು ಕುದಿಸಬೇಕು, ಆಮೇಲೆ ನಿಮ್ಮ ಅಡಿಕೆ ಹಂಡೆಯನ್ನು. ಹೊಗೆ ಬೇರೆ.

ಶಿವರಾತ್ರಿಯಿಂದ ಯುಗಾದಿಯೊಳಗೆ ಸೀಳಿ ಮುಗಿಸಿ. ಏಪ್ರಿಲ್, ಮೇ ಬಿಸಿಲು ಪೂರ್ತಿ ಸಿಗಬೇಕು. ನೆಲಕ್ಕೆ ತಾಗದ ಹಾಗೆ ಕಲ್ಲು, ಅದರ ಮೇಲೆ ಅಡಿಕೆ ದಬ್ಬೆ ಹಾಸಿ ಒಟ್ಟಿ, ಇಲ್ಲದಿದ್ದರೆ ಗೆದ್ದಲು ಬರುತ್ತದೆ. ಸಾಲುಗಳ ನಡುವೆ ಗಾಳಿ ಆಡಲಿ. ಮೇ ಕೊನೆಗೆ ಸೌದೆ ಕೊಟ್ಟಿಗೆಗೆ ಸೇರಿಸುವ ಮುಂಚೆ ಎರಡು ಹೋಳು ಕೈಗೆ ತಗೊಂಡು ಒಂದಕ್ಕೊಂದು ಬಡಿದು ನೋಡಿ. ಟಣ್ ಅಂದರೆ ಒಳಗೆ ಹಾಕಿ. ದೊಪ್ ಅಂದರೆ ಇನ್ನೂ ನಾಲ್ಕು ದಿನ ಅಂಗಳದಲ್ಲೇ ಇರಲಿ.